ಕಾರಣವಿಲ್ಲದ ‘ಒಲ್ಲೆ’

ಖುಶನುಮಾ ಒಲ್ಲೆ ಅಂದದ್ದು ಶುಕ್ರವಾರದ ಮಧ್ಯಾಹ್ನ, ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ. ಅಪ್ಪನ ತಾಟಿಗೆ ಎರಡನೆಯ ರೊಟ್ಟಿ ಹಾಕಿದಳು, ಪಕ್ಕದಲ್ಲಿ ಎಣ್ಣೆಗಾಯಿ ಬಡಿಸಿದಳು, ಸವುಟನ್ನು ಪಾತ್ರೆಯಲ್ಲಿಟ್ಟಳು. ಆಮೇಲೆ ಉಪ್ಪು ಸಾಕೋ ಬೇಕೋ ಎಂದು ಕೇಳುವಷ್ಟೇ ಸಲೀಸಾಗಿ ಹೇಳಿದಳು.

“ಅಬ್ಬಾ, ನಾ ಯುನೂಸನ್ನ ಮದವಿ ಆಗೂದಿಲ್ಲ.”

ಲಾಡಸಾಬನ ತುತ್ತು ಬಾಯಿಯ ಹತ್ತಿರ ಬಂದು ನಿಂತಿತು.

“ಏನಂದಿ?”

“ಒಲ್ಲೆ ಅಂದೆ.”

“ಯಾಕ?”

“ಗೊತ್ತಿಲ್ಲ.”

ಒಲ್ಲೆ ಅಂದದ್ದನ್ನಾದರೂ ಲಾಡಸಾಬ ನುಂಗಿಕೊಳ್ಳುತ್ತಿದ್ದನೋ ಏನೋ, ಈ ‘ಗೊತ್ತಿಲ್ಲ’ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಕುಳಗೇರಿ ಕ್ರಾಸಿನಲ್ಲಿ ಅವನ ಗಾದಿ ಅಂಗಡಿ ಗೊತ್ತಿಲ್ಲದವರಿಲ್ಲ. ಮುಂದೆ ಅಂಗಡಿ, ನಡುವೆ ಅರಳೆ ಹಿಂಜುವ ಮಷೀನಿನ ಷೆಡ್ಡು, ಹಿಂದೆ ಮನೆ. ಮಗ ಅರ್ಷದ ಮಷೀನು ನಡೆಸುತ್ತಾನೆ, ಹೆಂಡತಿ ಅಮೀನಬಿ ಗಾದಿಗೆ ಹಾಕುವ ಬಟ್ಟೆಯ ಖೋಳ ಹೊಲಿಯುತ್ತಾಳೆ, ಇಳಕಲ್ಲಿನಿಂದ ಬಂದ ಸೊಸೆ ಆಫ್ರೀನ ಅಡುಗೆಮನೆಯ ಯಜಮಾನಿ. ಮಗಳು ಖುಶನುಮಾ ಬಿ.ಎ. ಮುಗಿಸಿ ಬಾದಾಮಿಯ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು, ಅವತ್ತು ಶಾಲೆಗೆ ರಜೆ. ಯುನೂಸ ಹುನಗುಂದದವನು, ಆಫ್ರೀನಳ ಸೋದರಮಾವ ಚಮನಸಾಬನ ಮಗ, ಸರಕಾರಿ ನೌಕರಿ. ಬೀಡಿಯಿಲ್ಲ, ಗುಟ್ಕಾ ಇಲ್ಲ. ಆಫ್ರೀನಳೇ ಮುಂದೆ ನಿಂತು ಕುದುರಿಸಿದ ಸಂಬಂಧ. ಉಂಗುರ ತೊಡಿಸಿ, ಇಳಕಲ್ ಸೀರೆ ಕೊಟ್ಟು, ಎರಡೂ ಊರಲ್ಲಿ ಸಕ್ಕರೆ ಹಂಚಿ ಆಗಿತ್ತು.

“ಬ್ಯಾರೆ ಯಾರರ ಅದಾನೇನು? ಖರೇ ಹೇಳು,” ಅರ್ಷದ ತಂಗಿಯನ್ನು ಕೇಳಿದ.

ಖುಶನುಮಾ ತನ್ನ ಫೋನನ್ನು ರೊಟ್ಟಿ ಬುಟ್ಟಿಯ ಪಕ್ಕ ಇಟ್ಟಳು. “ತಗೋ, ಎಲ್ಲಾ ನೋಡು. ಯಾರೂ ಇಲ್ಲ.”

ಅರ್ಷದ ಕೈ ಚಾಚಿದ. ಅಮೀನಬಿ ಅವನ ಮುಂಗೈಗೆ ಪಟ್ಟನೆ ಹೊಡೆದಳು. “ಎಂಜಲಗೈಲೆ ಮುಟ್ಟಬ್ಯಾಡ. ಉಣ್ಣು ಸುಮ್ನ.”

ಅಷ್ಟು ಹೊತ್ತು ತಡೆದುಕೊಂಡಿದ್ದ ಆಫ್ರೀನ ಈಗ ಬಾಯಿ ಬಿಟ್ಟಳು. “ಒಲ್ಲದ ಗಂಡಗ ಮೊಸರಾಗ ಕಲ್ಲು ಅಂತಾರಲ್ಲ, ಹಂಗಾತಿದು. ನನ್ನ ಮಾಮಾನ ಮನಿಯಾಗ ಏನ ಕಲ್ಲ ಸಿಕ್ತು ನಿನಗ?”

“ಕಲ್ಲ ಸಿಕ್ಕಿದ್ರ ತಗದು ತೋರಸ್ತಿದ್ದೆ ಭಾಬಿ. ಅದ ಸಿಕ್ಕಿಲ್ಲ. ಆದರೂ ನನಗ ಒಳಗ ಬ್ಯಾಡ ಅನಸ್ತೈತಿ.”

“ಒಳಗ ಅನಸ್ತೈತಿ ಅಂತ!” ಲಾಡಸಾಬ ತಾಟು ಸರಿಸಿ ಎದ್ದ. “ನಾಳೆ ಹುನಗುಂದದ ಮಂದಿ ಕೇಳಿದ್ರ ಏನ ಹೇಳ್ಲಿ? ನಮ್ಮ ಹುಡುಗಿಗೆ ಒಳಗ ಅನಸ್ತರಿ ಅಂತ ಹೇಳ್ಲೇನು?”

“ನೀ ಅರಳಿ ಚೀಲದಾಗ ಕೈ ಹಾಕಿ ಬ್ಯಾಡ ಅಂತೀ ಅಬ್ಬಾ. ಯಾಕ ಅಂತ ಹೇಳಾಕ ಬರ್ತದೇನು ನಿನಗ?”

“ಅರಳಿ ಬ್ಯಾರೆ, ಮಂದಿ ಬ್ಯಾರೆ!”

ಅವತ್ತು ಎಣ್ಣೆಗಾಯಿ ಅರ್ಧ ಹಾಗೇ ಉಳಿಯಿತು. ಲಾಡಸಾಬನ ಮನೆಯಲ್ಲಿ ಎಣ್ಣೆಗಾಯಿ ಉಳಿಯಿತು ಎಂದರೆ ಏನೋ ಕೆಟ್ಟದ್ದು ನಡೆದಿದೆ ಎಂದೇ ಅರ್ಥ.

ಲಾಡಸಾಬ ಒಂದು ಉಪಾಯ ಮಾಡಿದ. ಹುಡುಗಿಗೆ ಶಾಲೆಯ ಪರೀಕ್ಷೆಯ ಕೆಲಸ ಇದೆ, ಅದು ಮುಗಿಯಲಿ, ಆಮೇಲೆ ತಾರೀಕು ಗೊತ್ತುಮಾಡೋಣ ಎಂದು ಹುನಗುಂದಕ್ಕೆ ಫೋನು ಮಾಡಿದ. ಹುಡುಗಿಯ ತಲೆ ಎರಡು ವಾರದಲ್ಲಿ ತಣ್ಣಗಾಗುತ್ತದೆ ಎಂಬುದು ಅವನ ಲೆಕ್ಕ. ಮಗಳಿಗೆ ಬುದ್ಧಿ ಬರಲಿ ಅಂತಲೋ, ತನಗೇ ಧೈರ್ಯ ಬರಲಿ ಅಂತಲೋ, ಮದುವೆಯ ಗಾದಿಯನ್ನೂ ತುಂಬಲು ಶುರುಮಾಡಿದ.

ಆ ಮನೆತನದಲ್ಲಿ ಮಗಳ ಮದುವೆಯ ಗಾದಿಗೆ ಒಂದು ರೀತಿ ಇತ್ತು. ಅರಳೆಯನ್ನು ಅಪ್ಪನೇ ಆರಿಸಬೇಕು, ಅಪ್ಪನೇ ತುಂಬಬೇಕು. ಮೂರು ಮೂಲೆ ಹೊಲಿದು ನಾಲ್ಕನೆಯದನ್ನು ಬಿಟ್ಟಿರಬೇಕು. ಆ ಮೂಲೆಯನ್ನು ನಿಕಾಹದ ಹಿಂದಿನ ದಿನ ತಾಯಿ ಹೊಲಿದು ಮುಚ್ಚಬೇಕು. ಅಲ್ಲಿಯವರೆಗೆ ಮದುಮಗಳು ಅದರ ಮೇಲೆ ಕೂಡುವುದಿರಲಿ, ಕೈಯೂರಬಾರದು. ಲಾಡಸಾಬನ ಸೋದರತ್ತೆಯರಿಗೂ ಹೀಗೇ ನಡೆದಿತ್ತು, ಅವನ ಅಕ್ಕಂದಿರಿಗೂ ಹೀಗೇ.

ಬೇರೆ ಯಾರಾದರೂ ಆಗಿದ್ದರೆ ಗಾದಿ ತುಂಬಿ ಒಳಗೆ ಮುಚ್ಚಿಡುತ್ತಿದ್ದರು. ಲಾಡಸಾಬನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಕೆಂಪು ಹೂವಿನ ಖೋಳ ಹಾಕಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ನಿಲ್ಲಿಸಿಬಿಟ್ಟ. ಬಸ್ಸು ಕಾಯುವವರೆಲ್ಲ ನೋಡಿದರು.

“ಮಗಳ ಮದವಿ ಗಾದಿ ಏನೋ ಲಾಡಸಾಬ?”

“ಹೌದ್ರಿ, ಮಗಳದ. ಹುನಗುಂದಕ್ಕ ಕೊಟ್ಟೇವಿ. ಸರಕಾರಿ ನೌಕರಿ!”

ಒಳಗೆ ಖೋಳ ಹೊಲಿಯುತ್ತ ಕೂತ ಅಮೀನಬಿಗೆ ಪ್ರತಿ ಮಾತೂ ಕೇಳುತ್ತಿತ್ತು. ಈ ಮನುಷ್ಯ ತಾನೇ ಹಗ್ಗ ಹೊಸೆದು ತನ್ನ ಕಾಲಿಗೇ ಕಟ್ಟಿಕೊಳ್ಳುತ್ತಿದ್ದಾನಲ್ಲ ಎಂದು ಅವಳಿಗೆ ಸಂಕಟವಾಯಿತು. ಹೇಳಿದರೆ ಕೇಳುವ ಪೈಕಿ ಅವನಲ್ಲ.

ಮನೆಯೊಳಗೆ ಒಲೆ ಒಂದೇ ಇದ್ದರೂ ಮಾತು ಎರಡಾಯಿತು. ಆಫ್ರೀನ ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು, ಆದರೆ ನಾದಿನಿಯ ತಾಟು ಬಂದಾಗ ಬುಟ್ಟಿಯನ್ನು ಅವಳ ಮುಂದೆ ತಳ್ಳಿ ಒಳಗೆ ಹೋಗುತ್ತಿದ್ದಳು. ಇಳಕಲ್ಲಿನಿಂದ ಅವಳ ತಾಯಿಯ ಫೋನು ಬಂದರೆ ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದಳು. ಒಂದು ದಿನ ಅತ್ತೆಯ ಎದುರು ಅತ್ತೇಬಿಟ್ಟಳು.

“ನನ್ನ ತವರುಮನಿ ಬಾಗಿಲಾ ಮುಚ್ಚತಾಳ ಇಕಿ. ಸಂಬಂಧ ತಂದಾಕಿ ನಾ ಅಲ್ಲೇನ್ರಿ ಅತ್ತಿ? ನಮ್ಮ ಮಾಮಾ ನನ್ನ ಮಾರಿ ನೋಡ್ತಾನೇನು ಇನ್ನ?”

“ಅಳಬ್ಯಾಡವಾ. ನಾ ಮಾತಾಡ್ತೇನಿ ಆಕಿ ಜೋಡಿ,” ಅಂದಳು ಅಮೀನಬಿ. ಸೊಸೆಯ ಅಳುವಿನಲ್ಲಿ ಸುಳ್ಳಿರಲಿಲ್ಲ.

ರವಿವಾರ ತಾಯಿಮಗಳು ಮಾಳಿಗೆಯ ಮೇಲೆ ಅರಳೆ ಹರವಿಕೊಂಡು ಕಸ ಆರಿಸುತ್ತಿದ್ದರು. ಎಲೆಯ ಚೂರು, ಬೀಜದ ಸಿಪ್ಪೆ, ಎಲ್ಲವನ್ನೂ ಬೆರಳಿನಿಂದ ಎತ್ತಬೇಕು. ಇಬ್ಬರ ಕೂದಲಿಗೂ ಬಿಳಿ ಧೂಳು ಹತ್ತಿತ್ತು.

“ಖುಶನುಮಾ, ನಿಮ್ಮಬ್ಬಾಗ ಹೇಳಬ್ಯಾಡ, ನನಗ ಹೇಳು. ಏನ ಮಾಡಿದ ಅಂವ?”

“ಏನೂ ಮಾಡಿಲ್ಲಮ್ಮಾ.”

“ಏನರ ಅಂದನೇನು?”

“ಭಾಳ ಚಲೋ ಮಾತಾಡತಾನ. ಮೆತ್ತಗ.”

“ಮತ್ತ?”

ಖುಶನುಮಾ ಅರಳೆಯ ಮುದ್ದೆಯೊಂದನ್ನು ಬಿಡಿಸತೊಡಗಿದಳು. “ಹುನಗುಂದದಾವ್ರು ಹಬ್ಬಕ್ಕ ಕರದಿದ್ರಲ್ಲ, ಅವತ್ತ ನಾವು ಹೆಣ್ಣಮಕ್ಕಳೆಲ್ಲಾ ಅಡಗಿಮನಿಯಾಗ ನಗತಿದ್ವಿ. ಅವರಮ್ಮನೂ ನಗತಿದ್ದರು. ಹೊರಗ ಬೈಕ್ ಸಪ್ಪಳಾತು. ಎಲ್ಲಾರೂ ಒಮ್ಮಿಗೇ ಸುಮ್ಮನಾದ್ರು. ಅಂವ ಏನೂ ಅಂದಿಲ್ಲ. ಬಂದು ಸಲಾಂ ಹೇಳಿ ಹೋದ. ಆದರ ನಾನೂ ಸುಮ್ಮನಾಗಿದ್ದೆ ಅಮ್ಮಾ. ನನಗ ಯಾರೂ ಸುಮ್ಮನಾಗು ಅಂದಿದ್ದಿಲ್ಲ.”

“ಅಷ್ಟ?”

“ಅಷ್ಟ. ಅವತ್ತಿಂದ ಆ ಮನಿ ನೆನಪಾದ್ರ ಊಟ ಸೇರೂದಿಲ್ಲ. ಇದ ಹುಚ್ಚತನ ಇದ್ದರೂ ಇರಬಹುದು. ಚಲೋ ಗಂಡಾನ್ನ ನಾನ ಕಳಕೊಂಡು ಮುಂದ ಜನ್ಮ ಪೂರ್ತಿ ಅಳಬಹುದು. ಅದೂ ಗೊತ್ತೈತಿ. ಗೊತ್ತಿದ್ದ ಒಲ್ಲೆ ಅನ್ನಾಕತ್ತೇನಿ.”

ಮದುವೆಯಾಗುವಾಗ ಅಮೀನಬಿಯನ್ನು ಯಾರೂ ಏನೂ ಕೇಳಿರಲಿಲ್ಲ. ಬಂದವನು ಲಾಡಸಾಬ, ಬಾಯಿ ಜೋರು ಆದರೂ ಮನಸ್ಸು ಮೆತ್ತಗೆ, ಪುಣ್ಯ. ಪುಣ್ಯ ಎಲ್ಲರಿಗೂ ಹಂಚಿ ಬರುತ್ತದೆಯೇ? ತಾನೇ ಒಮ್ಮೆ ಹೋಗಿ ನೋಡಿ ಬರಬೇಕು ಎಂದು ಅವತ್ತೇ ತೀರ್ಮಾನಿಸಿದಳು.

ಮಗಳ ಮದುವೆಯ ಜಂಪರಿನ ಅಳತೆ ಕೊಡುವ ನೆವ ಮಾಡಿ ಸೊಸೆಯನ್ನು ಕರೆದುಕೊಂಡು ಅಮೀನಬಿ ಬಸ್ಸು ಹತ್ತಿದಳು. ದಾರಿಯಲ್ಲಿ ಅಮೀನಗಡದ ಕರದಂಟು ಕಟ್ಟಿಸಿಕೊಂಡರು. ಹುನಗುಂದದ ಮನೆ ಚೊಕ್ಕ ಇತ್ತು. ಬೀಗತಿ ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಅಡುಗೆಮನೆಯಲ್ಲಿ ಚಹಾ ಆಯಿತು, ಚುರಮುರಿ ಆಯಿತು, ಬೀಗತಿಯ ಹೆಣ್ಣುಮಕ್ಕಳು ಕರದಂಟು ಕಚ್ಚುತ್ತ ಹಲ್ಲಿನ ಮೇಲೆ ಜೋಕು ಮಾಡಿದರು. ಅಮೀನಬಿಯೂ ಲಾಡಸಾಬನ ಕಟ್ಟಿಸಿಕೊಂಡ ಹಲ್ಲಿನ ಕತೆ ಶುರುಮಾಡಿದಳು. ಇಷ್ಟು ಒಳ್ಳೆಯ ಮಂದಿಯನ್ನು ಬಿಡುವುದಾದರೂ ಹೇಗೆ ಎಂದು ಅವಳ ಮನಸ್ಸು ಮಗಳ ಮೇಲೆ ಮುನಿಯತೊಡಗಿತ್ತು.

ಆಗ ಹೊರಗೆ ಬೈಕು ನಿಂತಿತು.

ಯಾರೂ ಏಳಲಿಲ್ಲ, ಯಾರೂ ಓಡಲಿಲ್ಲ. ಬೀಗತಿ ಕೈಯಲ್ಲಿದ್ದ ಕಪ್ಪನ್ನು ಸಪ್ಪಳವಾಗದ ಹಾಗೆ ಇಟ್ಟಳು. ದೊಡ್ಡ ಮಗಳು ತಲೆಯ ಮೇಲಿನ ಓಢಣಿ ಸರಿಮಾಡಿಕೊಂಡಳು. ಯುನೂಸ ಬಂದ. ತೆಳ್ಳಗಿನ, ಸ್ವಚ್ಛ ಅಂಗಿಯ ಹುಡುಗ.

“ಅಸ್ಸಲಾಂ ಅಲೈಕುಮ್ ಅಮ್ಮಾ. ಆರಾಮ ಅದೀರಿ? ಊಟಾ ಮಾಡ್ಕೊಂಡ ಹೋಗ್ರಿ ಮತ್ತ.”

ಬಾಳೆಹಣ್ಣಿನ ಚೀಲವನ್ನು ತಾಯಿಯ ಕೈಗೆ ಕೊಟ್ಟು ಒಳಗೆ ಹೋದ. ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ತಪ್ಪು ಹುಡುಕಬೇಕೆಂದರೂ ಕೂದಲೆಳೆಯಷ್ಟು ಸಿಗಲಿಲ್ಲ.

“ಮುಂದ ಏನಾತ್ರಿ ಹಲ್ಲಿಂದು?” ಬೀಗತಿ ಮೆಲ್ಲಗೆ ಕೇಳಿದಳು.

ಅಮೀನಬಿ ಬಾಯಿ ತೆರೆದಳು. ಕತೆ ಹೊರಡಲಿಲ್ಲ. ಕ್ರಾಸಿನ ಸಂತೆಯಲ್ಲಿ ನಾಲ್ಕು ಅಂಗಡಿಯಾಚೆಗೂ ದನಿ ಕೇಳಿಸುವ ಹೆಂಗಸು ತಾನು, ಇಲ್ಲಿ ಯಾರೂ ಗದರದೆಯೇ ತನ್ನ ದನಿ ಇಳಿದಿತ್ತಲ್ಲ!

ವಾಪಸು ಬರುವಾಗ ಬಸ್ಸಿನಲ್ಲಿ ಆಫ್ರೀನ ಕೇಳಿದಳು, “ನೋಡಿದ್ರೆಲಾ ಅತ್ತಿ? ಬಂಗಾರದಂಥ ಹುಡುಗ. ಏನ ಕಂಡ್ತು ನಿಮಗ?”

“ಏನೂ ಕಾಣಲಿಲ್ಲವಾ. ಅಂವ ಬಂದ ಕೂಡ್ಲೆ ಎಲ್ಲಾರೂ ಸುಮ್ಮನಾದ್ವಿ, ಅಷ್ಟ.”

“ಅದಕ ಶಿಸ್ತು ಅಂತಾರ, ಅತ್ತಿ.”

“ಇರಬಹುದು,” ಅಂದಳು ಅಮೀನಬಿ.

ಮನೆಗೆ ಬಂದವಳೇ ಕೈಕಾಲು ತೊಳೆದು, ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದ ಗಾದಿಯನ್ನು ಎಳೆಯತೊಡಗಿದಳು. ಲಾಡಸಾಬ ಓಡಿ ಬಂದ.

“ಏನ ಮಾಡ್ತಿ ಅಮೀನಾ?”

“ಒಂದ ಕಡೆ ಹಿಡೀರಿ. ಭಾರ ಐತಿ.”

ಏನೆಂದು ತಿಳಿಯದೆಯೇ ಅವನು ಹಿಡಿದ. ಒಳಗೆ ಹೊತ್ತು ತಂದು ನೆಲಕ್ಕೆ ಹಾಕಿದರು. ಅಮೀನಬಿ ದಬ್ಬಣಕ್ಕೆ ದಾರ ಪೋಣಿಸಿದಳು, ಬಿಟ್ಟಿದ್ದ ನಾಲ್ಕನೆಯ ಮೂಲೆಯನ್ನು ಕೂತು ಹೊಲಿದಳು, ದಾರವನ್ನು ಹಲ್ಲಿನಿಂದ ಕಡಿದಳು. ಎಲ್ಲರೂ ನೋಡುತ್ತಲೇ ನಿಂತರು.

“ಹಂಗಾರ ತಾರೀಕ ಗೊತ್ತ ಮಾಡೂದೇನ್ರಿ ಅತ್ತಿ?” ಆಫ್ರೀನಳ ಮುಖ ಅರಳಿತು.

“ಇಲ್ಲ. ಖುಶನುಮಾ, ನಿನ್ನ ಮಂಚದ ಮ್ಯಾಲಿನ ಹಳೇ ಗಾದಿ ತಗಿ. ಇದನ್ನ ಹಾಸು. ಇವತ್ತಿಂದ ಇದರ ಮ್ಯಾಲ ಮಲಕೋ.”

ಮನೆಯಲ್ಲಿ ಸಿಡಿಲು ಬಡಿದಂತಾಯಿತು. “ಮದವಿ ಗಾದಿನ್ನ ಮದವಿ ಇಲ್ಲದ ಹಾಸ್ತಿ? ಈ ಮನಿಯಾಗ ಹಿಂಗ ಯಾರೂ ಮಾಡಿಲ್ಲ!” ಲಾಡಸಾಬ ಕೂಗಿದ.

“ಯಾರರ ಒಬ್ಬರು ಮೊದಲ ಮಾಡ್ಬೇಕಲ್ರಿ.”

“ನೀನೂ ಆಕಿ ಹಂಗ ಆದಿ. ಏನ ಕಂಡಿ ಅಲ್ಲೆ? ಹೊಡದನೋ, ಬೈದನೋ?”

“ಏನೂ ಮಾಡಿಲ್ಲ. ಹುಡುಗ ಚಲೋ ಇದ್ದಾನು, ನಾ ಆಡಿಕೊಳ್ಳೂದಿಲ್ಲ. ಆದರ ನನ್ನ ಮಗಳು ಆ ಮನಿಯಾಗ ನಕ್ಕೋತ ಇರೂದಿಲ್ಲ. ಅದಷ್ಟ ನನಗ ಗೊತ್ತಾತು. ಹೆಂಗ ಅಂತ ಕೇಳಬ್ಯಾಡ್ರಿ.”

“ಊರ ಮಂದಿ ಏನಂದಾರು?”

“ಗಾದಿ ಕಟ್ಟಿ ಮ್ಯಾಲ ಇಟ್ಟಾವ್ರು ನೀವು. ಊರಿಗೂ ನೀವ ಹೇಳ್ರಿ.”

ಲಾಡಸಾಬ ಅವತ್ತು ಉಣ್ಣಲಿಲ್ಲ. ಮರುದಿನವೂ ಬರೀ ಚಹಾ. ಖುಶನುಮಾ ತಾಟು ಹಿಡಿದು ಹೋದರೆ ಮುಖ ತಿರುಗಿಸಿದ. ಹುಡುಗಿ ಅಪ್ಪನ ಮುಂದೆ ತಾಟು ಇಟ್ಟು ಅಲ್ಲೇ ಕೂತಳು, ಅವನು ಉಣ್ಣುವವರೆಗೆ ತಾನೂ ಉಣ್ಣಲಿಲ್ಲ. ಕೊನೆಗೆ ಅವನೇ ಸೋತು, “ನಿನ್ನ ಹಟಾ ನಿಮ್ಮವ್ವಂದ,” ಎಂದು ಬೈಯುತ್ತ ಒಂದು ರೊಟ್ಟಿ ಮುರಿದ.

ಮೂರನೆಯ ವಾರ ಬಾಗಲಕೋಟೆಯಿಂದ ಅರಳೆಯ ಗಾಡಿ ಬಂತು. ಹೊಸ ವ್ಯಾಪಾರಿ, ನವನಗರದ ಕಡೆಯವನು. ಚೀಲದ ಬಾಯಿ ಬಿಚ್ಚಿದರೆ ಅರಳೆ ಮೊಲದ ಹಾಗೆ ಬೆಳ್ಳಗಿತ್ತು. ಲಾಡಸಾಬ ಮೊಳಕೈವರೆಗೂ ತೋಳು ಇಳಿಸಿ, ಒಳಗೇ ಹಿಚುಕಿ ನೋಡಿದ.

“ಬ್ಯಾಡ. ವಾಪಸ್ ಒಯ್ಯಿ.”

“ಯಾಕ್ರಿ ಸಾಹೇಬ್ರ? ಕಸ ಐತೇನು?” ವ್ಯಾಪಾರಿ ಕೇಳಿದ.

“ಇಲ್ಲ.”

“ಹಸಿ ಐತೇನು?”

“ಇಲ್ಲ.”

“ಮತ್ತ ಕಾರಣಾ ಹೇಳ್ರಿ?”

“ಬ್ಯಾಡಂದ್ರ ಬ್ಯಾಡಪಾ! ನನ್ನ ಕೈ ಒಲ್ಲೆ ಅಂತೈತಿ. ಕಾರಣಾ ಏನ ಕೇಳತೀ?”

ಷೆಡ್ಡಿನಲ್ಲಿ ಅರ್ಷದ ಫಕ್ಕನೆ ನಕ್ಕುಬಿಟ್ಟ. ಖೋಳ ಹೊಲಿಯುತ್ತಿದ್ದ ಅಮೀನಬಿ ತಲೆ ತಗ್ಗಿಸಿ ಸೂಜಿಯನ್ನೇ ನೋಡಿದಳು, ನಗು ತಡೆಯುವುದು ಕಷ್ಟವಾಗಿತ್ತು. ಲಾಡಸಾಬ ಮಗನನ್ನು ನೋಡಿದ, ಹೆಂಡತಿಯನ್ನು ನೋಡಿದ, ಚೀಲದೊಳಗಿದ್ದ ತನ್ನ ಕೈಯನ್ನು ಹೊರಗೆಳೆದು ಒರೆಸಿಕೊಂಡ. ಸಂಜೆ ಊಟಕ್ಕೆ ಕೂತಾಗ, ಯಾರ ಮುಖವನ್ನೂ ನೋಡದೆ ಹೇಳಿದ.

“ನಾಳೆ ಉಂಗರಾ, ಸೀರಿ ತಗೊಂಡು ಹುನಗುಂದಕ್ಕ ಹೋಗೂನು.”

ಆಫ್ರೀನ ಎದ್ದು ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು.

ಬಸ್ಸಿನಲ್ಲಿ ಅಪ್ಪ ಮಗ ಮಾತು ಗಟ್ಟಿ ಮಾಡಿಕೊಂಡರು. ಹುಡುಗಿಗೆ ಆರಾಮಿಲ್ಲ, ದವಾಖಾನೆಯಲ್ಲಿ ಸದ್ಯಕ್ಕೆ ಮದುವೆ ಬೇಡ ಅಂದಿದ್ದಾರೆ ಎಂದು ಹೇಳುವುದು. ಹಾಗಂದರೆ ಯುನೂಸನ ಮೇಲೂ ಮಾತು ಬರುವುದಿಲ್ಲ, ಆಫ್ರೀನಳ ತವರಿನ ನಂಟೂ ಉಳಿಯುತ್ತದೆ. ಹಿಂದಿನ ಸೀಟಿನಲ್ಲಿ ಕೂತು ಕೇಳಿದ ಅಮೀನಬಿ, “ಹಂಗ ಹೇಳಬ್ಯಾಡ್ರಿ, ನಾಳೆ ಆಕಿಗೆ ಅದ ಹೆಸರ ಉಳೀತೈತಿ,” ಅಂದಳು. “ನೀ ಸುಮ್ನಿರು, ಇದು ಗಂಡಸರ ಮಾತು,” ಅಂದ ಲಾಡಸಾಬ.

ತಾರೀಕು ಗೊತ್ತುಮಾಡಲು ಬರುತ್ತಿದ್ದಾರೆಂದು ತಿಳಿದು ಚಮನಸಾಬ ನಾಲ್ಕು ಜನ ಹಿರಿಯರನ್ನು ಕರೆಸಿದ್ದ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಯುನೂಸ ಗೋಡೆಗೆ ಒರಗಿ, ಕೈ ಕಟ್ಟಿ ನಿಂತಿದ್ದ. ಅಮೀನಬಿ ನಡುಮನೆಯ ಬಾಗಿಲಲ್ಲಿ ಬೀಗತಿಯ ಪಕ್ಕ ನಿಂತಳು. ಲಾಡಸಾಬ ಉಂಗುರದ ಡಬ್ಬಿಯನ್ನೂ ಸೀರೆಯ ಗಂಟನ್ನೂ ಚಮನಸಾಬನ ಮುಂದೆ ಇಟ್ಟ.

“ಇದೇನ್ರಿ?” ಚಮನಸಾಬನ ಮುಖ ಕಪ್ಪಾಯಿತು.

ಅರ್ಷದ ಗಂಟಲು ಸರಿಮಾಡಿಕೊಂಡ. “ಮಾಮಾ, ಏನಾತಂದ್ರ, ನಮ್ಮ ತಂಗಿಗೆ ಆರಾಮಿಲ್ಲ...”

“ಆಕಿಗೆ ಆರಾಮ ಐತಿ,” ಅಂದ ಲಾಡಸಾಬ.

ಅರ್ಷದ ಅಪ್ಪನ ಕಡೆ ತಿರುಗಿದ. ಅಮೀನಬಿ ಬಾಗಿಲ ಚೌಕಟ್ಟು ಹಿಡಿದಳು.

“ನನ್ನ ಮಗಳಿಗೆ ಏನೂ ಆಗಿಲ್ಲರಿ. ಗಟ್ಟಿಮುಟ್ಟಿ ಅದಾಳ,” ಲಾಡಸಾಬ ಮತ್ತೊಮ್ಮೆ ಹೇಳಿದ.

“ಹಂಗಾರ ನನ್ನ ಮಗನ ಕಡೆ ಏನರ ತಪ್ಪ ಕಂಡೀರೇನು? ನಾಲ್ಕ ಮಂದ್ಯಾಗ ಹೇಳ್ರಿ.”

“ಇಲ್ಲರಿ. ತಪ್ಪ ಕಂಡೇನಿ ಅಂದ್ರ ನನ್ನ ನಾಲಿಗಿಗೆ ಹುಳ ಬೀಳಲಿ.”

“ಮತ್ತ ಕಾರಣಾ?”

“ಹುಡುಗಿ ಒಲ್ಲೆ ಅಂತಾಳ. ಅದ ಕಾರಣ.”

ಹಿರಿಯರೊಬ್ಬರು ಗಡ್ಡ ನೀವಿಕೊಂಡು ನಕ್ಕರು. “ಲಾಡಸಾಬ, ಹೆಣ್ಣಹುಡುಗಿ ಮನಸ್ಸ ಕೇಳಿ ಮನಿ ನಡಸ್ತೀಯೇನು?”

“ಇಷ್ಟದಿನ ನಡಸಿದ್ದಿಲ್ಲರಿ. ಇನ್ನ ನಡಸ್ತೇನಿ. ಸಕ್ಕರಿ ಹಂಚೂ ಮುಂಚೆ ಕೇಳಬೇಕಿತ್ತು, ನಾ ಕೇಳಲಿಲ್ಲ. ಆ ತಪ್ಪು ನಂದು, ಆಕಿದಲ್ಲ. ನಿಮಗ ಬೈಬೇಕಂದ್ರ ನನಗ ಬೈರಿ.”

ಬೈದರು. ಚಮನಸಾಬ ಎದ್ದು ನಿಂತು ಬೈದ, ಹಿರಿಯರು ಕೂತಲ್ಲೇ ಬೈದರು. ಯುನೂಸ ಹೊರಗೆ ಹೋದ. ಲಾಡಸಾಬ ತಲೆ ತಗ್ಗಿಸಿ ಕೇಳಿಸಿಕೊಂಡ, ಎಲ್ಲ ಮುಗಿದ ಮೇಲೆ ಸಲಾಂ ಮಾಡಿ ಎದ್ದ. ಅಂಗಡಿಯ ಮುಂದೆ ನಿಂತು ಬಡಾಯಿ ಕೊಚ್ಚುವ ತನ್ನ ಗಂಡ ಇಷ್ಟು ದೊಡ್ಡ ಮನುಷ್ಯ ಎಂದು ಅಮೀನಬಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅವಳ ಕಣ್ಣು ತುಂಬಿತು. ಅವಮಾನಕ್ಕೆ ಅಳುತ್ತಿದ್ದಾಳೆಂದು ಬೀಗತಿ ಅವಳ ಬೆನ್ನು ಸವರಿದಳು.

ಮನೆಗೆ ಬಂದಾಗ ಖುಶನುಮಾ ಬಾಗಿಲಲ್ಲೇ ನಿಂತಿದ್ದಳು.

“ಏನ ಹೇಳಿದಿ ಅಬ್ಬಾ?”

“ನೀ ಹೇಳಿದ್ದನ್ನ ಹೇಳಿದೆ. ನೀರ ಕೊಡು.”

ಕೊನೆಗೆ ಯುನೂಸನದು ಏನಾದರೂ ಹೊರಬಿತ್ತೇ ಎಂದು ಕೇಳುವವರಿದ್ದಾರೆ. ಏನೂ ಹೊರಬೀಳಲಿಲ್ಲ. ಅವನಿಗೆ ಬೇರೆ ಕಡೆ ಹೆಣ್ಣು ಗೊತ್ತಾಯಿತು, ಮದುವೆಯೂ ಚೆಂದ ನಡೆಯಿತಂತೆ. ಕ್ರಾಸಿನ ಮಂದಿ ಬಾಯಿಗೆ ಬಂದದ್ದನ್ನು ಆಡಿಕೊಂಡರು, ಊರ ಬಾಯಿಗೆ ಬೀಗ ಉಂಟೇ? ಖುಶನುಮಾಳನ್ನು ಕೇಳಿಕೊಂಡು ಇನ್ನೂ ಯಾರೂ ಬಂದಿರಲಿಲ್ಲ. ಹುಡುಗಿ ಬೆಳಿಗ್ಗೆ ಬಾದಾಮಿ ಬಸ್ಸು ಹಿಡಿಯುತ್ತಿದ್ದಳು, ಸಂಜೆ ಬಂದು ತಾಟು ತುಂಬ ಉಣ್ಣುತ್ತಿದ್ದಳು.

ಆಫ್ರೀನಳ ಸಿಟ್ಟು ಮಾತ್ರ ಇಳಿದಿರಲಿಲ್ಲ ಎಂದು ಅಮೀನಬಿ ತಿಳಿದಿದ್ದಳು. ಒಂದು ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದಿದ್ದಾಗ ಇಳಕಲ್ಲಿನಿಂದ ಫೋನು ಬಂತು. ಆಫ್ರೀನಳ ಕೈಗೆ ಹಿಟ್ಟು ಹತ್ತಿತ್ತು. ಈ ಸಲ ಅವಳು ಹಿತ್ತಲಿಗೆ ಹೋಗಲಿಲ್ಲ, ಸ್ಪೀಕರಿಗೆ ಹಾಕಿ ರೊಟ್ಟಿ ಬಡಿಯುತ್ತಲೇ ಮಾತಾಡಿದಳು. ಅತ್ತಲಿಂದ ಅವಳ ತಾಯಿ ಕೇಳುತ್ತಿದ್ದಳು:

“ಇಲ್ಲೆ ಮಂದಿ ಏನೇನೋ ಅಂತಾರ ಆಫ್ರೀನ. ಆ ಹುಡುಗಿಗೆ ಖರೇನ ಏನಾಗಿತ್ತು? ಯಾವನರ ಇದ್ದನೋ, ಬ್ಯಾನಿ ಇತ್ತೋ? ನನಗರ ಹೇಳು.”

ಅಮೀನಬಿಯ ಕೈ ಹಂಚಿನ ಮೇಲೆ ನಿಂತಿತು.

“ಏನೂ ಆಗಿದ್ದಿಲ್ಲಮ್ಮಾ,” ಅಂದಳು ಆಫ್ರೀನ. “ನಮ್ಮ ಹುಡುಗಿಗೆ ಮನಸ್ಸಿದ್ದಿಲ್ಲ, ಒಲ್ಲೆ ಅಂದ್ಲು. ಮಂದಿಗೂ ಅದನ್ನ ಹೇಳು.”

ಫೋನಿನಾಚೆ ತಾಯಿ ಏನೋ ಗೊಣಗಿದಳು. “ರೊಟ್ಟಿ ಹೊತ್ತತಾವು, ಇಡ್ತೇನಿ,” ಎಂದು ಆಫ್ರೀನ ಮೊಳಕೈಯಿಂದಲೇ ಫೋನು ಬಂದ್ ಮಾಡಿದಳು. ಅತ್ತೆ ತನ್ನನ್ನೇ ನೋಡುತ್ತಿರುವುದನ್ನು ಕಂಡು ಹುಬ್ಬು ಗಂಟಿಕ್ಕಿದಳು.

“ನನ್ನ ಮಾರಿ ಏನ ನೋಡತೀರಿ ಅತ್ತಿ? ಹಂಚಿನ ಮ್ಯಾಲಿಂದು ಹೊಳ್ಳಿ ಹಾಕ್ರಿ.”

ಅಮೀನಬಿ ರೊಟ್ಟಿ ತಿರುವಿ ಹಾಕಿದಳು. ‘ನಮ್ಮ ಹುಡುಗಿ’ ಎಂಬ ಮಾತು ಅವಳ ಎದೆ ತುಂಬ ಇತ್ತು.